ಖರೇ ಗಾಡಿ ಯಾವುದು?

ಈ ಸಲದ ಪುಸ್ತಕಕ್ಕೆ ಹಾಡು ಬೇಡ, ಒಂದು ವಿಚಾರ ಬರೀರಿ ಕಾಕಾ ಅಂತ ವಾಚನಾಲಯದ ಹುಡುಗರು ಬಂದು ಕುಂತರು. ನಾನು ಕಲಿತದ್ದು ಏಳನೇ ಇಯತ್ತೆ. ನನ್ನ ಹತ್ತಿರ ಇರುವ ವಿಚಾರ ಒಂದೇ, ಅದೂ ಎರಡು ವರ್ಷದಿಂದ ತಲೆಯೊಳಗೆ ಕೊರೀತಾ ಇರೋದು. ಒಂದು ವಸ್ತುವನ್ನು ಖರೇ ಅಂತ ಯಾವಾಗ ಅನಬೇಕು? ಅದರ ಭಾಗಗಳು ಒಂದೊಂದಾಗಿ ಬದಲಾದ ಮೇಲೂ ಅದು ಅದೇ ಏನು? ಬದಲಾಗಿದ್ದನ್ನು ಮುಚ್ಚಿಟ್ಟರೆ ಯಾರಿಗೆ ಏನು ನಷ್ಟ?

ಇದನ್ನು ನಮ್ಮ ಎತ್ತಿನ ಬಂಡಿ ಹಿಡಿದೇ ಹೇಳಬಹುದಿತ್ತು. ಗಾಲಿ ಹೋತು, ಹೊಸದು ಹಾಕಿದಿವಿ. ಅಚ್ಚು ಹೋತು, ಬದಲಿ ಮಾಡಿದಿವಿ. ಆದರೂ ಅದು ಅಪ್ಪನ ಬಂಡಿಯೇ. ನಮ್ಮಲ್ಲಿ ಇದಕ್ಕೆ ಯಾರೂ ಜಗಳ ಆಡೋದಿಲ್ಲ. ಅಮೆರಿಕಾದಾಗ ಮಾತ್ರ ಇದೇ ಪ್ರಶ್ನೆ ಲಕ್ಷಗಟ್ಟಲೆ ಡಾಲರಿನದು, ಕೋರ್ಟಿನ ತನಕ ಹೋಗಿದ್ದು. ಅದಕ್ಕ ಅವರ ಮೋಟಾರಿನ ಕತಿಯನ್ನೇ ಹಿಡಿದೇನಿ.

ನನಗೆ ಇದೆಲ್ಲ ಹೆಂಗ ಗೊತ್ತು ಅಂತೀರೇನು? ನನ್ನ ತಂಗಿಯ ಮಗ ಚಾಕಣದ ಒಂದು ಕಾರ್ಖಾನೆಯಾಗ ಇದ್ದ. ಅವರೇ ಅವನನ್ನು ಎರಡೂವರೆ ವರ್ಷ ಮಿಶಿಗನ್ನಿಗೆ ಕಳಿಸಿದ್ದರು. ಅಲ್ಲಿ ಅವನ ಪಕ್ಕದ ಮನೆಯಲ್ಲಿ ಒಬ್ಬ ಮುದುಕ, ಕೆಲಸದಿಂದ ನಿವೃತ್ತನಾದವ. ಅವನ ಗ್ಯಾರೇಜಿನಾಗ 1970ರ ಶೆವರ್ಲೆ ಶೆವೆಲ್ ಅನ್ನೋ ಗಾಡಿ ಬಿಚ್ಚಿ ಹರವಿ ಇಟ್ಟಿದ್ದ. ನಮ್ಮ ಹುಡುಗ ಆಯಿತವಾರ ಬಂತಂದ್ರ ಅಲ್ಲೇ. ರಾತ್ರಿ ಫೋನಿನಾಗ ನನಗೆ ಫೋಟೋ ತೋರಿಸೋದು, ನಾನು ಕೇಳೋದು, ಅವ ಹೇಳೋದು. ಹಿಂಗ ನಾನು ಹಾಸಿಗಿ ಮ್ಯಾಲೆ ಕುಂತೇ ಆ ಗಾಡಿಯ ಅರ್ಧ ಬಿಚ್ಚೀನಿ.

ಆ ನಮೂನಿಯ ಗಾಡಿಗಳಿಗೆ ಮಸಲ್ ಕಾರ್ ಅಂತಾರ. ನಮ್ಮ ಮಾತಿನಾಗ ಪೈಲ್ವಾನ್ ಗಾಡಿ ಅನ್ನಬಹುದು. ಸಾದಾ ಮಧ್ಯಮ ಮೈಯ ಗಾಡಿಯೊಳಗೆ ದೊಡ್ಡ ಗಾಡಿಯ ಎಂಜಿನ್ ತುರುಕೋದು, ಕಡಿಮೆ ಬೆಲೆಗೆ ಹುಡುಗರಿಗೆ ಮಾರೋದು. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಜಿ.ಟಿ.ಓ. ತಂದಾಗ ಈ ಹುಚ್ಚು ಜೋರಾತು. ಅದರ ಹುಟ್ಟೇ ಒಂದು ಯುಕ್ತಿಯಿಂದ. ಜನರಲ್ ಮೋಟರ್ಸಿನ ಒಳಗಿನ ನಿಯಮದ ಪ್ರಕಾರ ಆ ಅಳತೆಯ ಮೈಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿರಲಿಲ್ಲ. ಅವರು ಜಿ.ಟಿ.ಓ.ವನ್ನು ಬೇರೆ ಗಾಡಿ ಅಂತ ಹೇಳದೆ, ಟೆಂಪೆಸ್ಟ್ ಲೆ ಮಾನ್ಸ್ ಗಾಡಿಗೆ ಬೇಕಾದವರು ಹಾಕಿಸಿಕೊಳ್ಳುವ ಹೆಚ್ಚಿನ ಸಾಮಾನು ಅಂತ ಬರೆದು, 389 ಘನ ಇಂಚಿನ ಎಂಜಿನ್ ಕೂರಿಸಿ ಹೊರಗೆ ಬಿಟ್ಟರು. ಅಂದರೆ ಅದು ಕಾಗದದ ಮೇಲೆ ಗಾಡಿಯೇ ಅಲ್ಲ, ಒಂದು ಚೀಟಿ. ಮುಂದೆ ಹುಟ್ಟಿದ ತಕರಾರಿಗೆಲ್ಲ ಬೀಜ ಇಲ್ಲೇ ಬಿದ್ದಿತು ಅಂತ ನನಗೆ ಅನಸ್ತದ.

ಆ ಕಾಲ ಬಹಳ ದಿನ ನಡೀಲಿಲ್ಲ. ವಿಮೆಯ ದರ ಏರಿತು, ಹೊಗೆಯ ಕಾಯದೆ ಬಂತು, 1973ರಲ್ಲಿ ಎಣ್ಣೆಯ ಬರ ಬಂತು. ಪೈಲ್ವಾನ್ ಗಾಡಿಗಳು ಹಳೇ ಸಾಮಾನಿನ ಬೆಲೆಗೆ ಇಳಿದವು. ಹುಡುಗರು ಓಡಿಸಿದರು, ಪಂದ್ಯ ಕಟ್ಟಿದರು, ಎಂಜಿನ್ ಒಡೆದರು. ಒಡೆದದ್ದನ್ನು ಗುಜರಿಯಿಂದ ತಂದದ್ದರಿಂದ ಬದಲಿ ಮಾಡಿದರು. ಯಾರು ಕಾಗದ ಇಟ್ಟುಕೋತಾರ? ಹಳೇ ಸೈಕಲ್ಲಿನ ರಸೀದಿ ನೀವು ಇಟ್ಟೀರೇನು? ಆಮೇಲೆ ಅದೇ ಹುಡುಗರು ದೊಡ್ಡವರಾಗಿ, ಕೈಯಾಗ ರೊಕ್ಕ ಬಂದು, ತಮ್ಮ ಹರೇದ ಗಾಡಿ ಮತ್ತ ಬೇಕು ಅಂದರು. ಬೆಲೆ ಏರಿತು. 1971ರ ಪ್ಲಿಮತ್ ಹೆಮಿ ಕುಡಾ, ಮೇಲಿನ ಹೊದಿಕೆ ಮಡಚುವಂಥಾದ್ದು, ಹತ್ತು ಹನ್ನೊಂದರಷ್ಟೇ ಆಗಿದ್ದವು. ಅದರಲ್ಲೊಂದು 2014ರಲ್ಲಿ ಹರಾಜಿನಾಗ 35 ಲಕ್ಷ ಡಾಲರಿಗೆ ಹೋತು. ಬೆಲೆ ಏರಿದ ಹಿಂದಿನಿಂದಲೇ ಖೋಟಿ ಬಂತು. ಖೋಟಿ ಯಾವಾಗಲೂ ಬೆಲೆಯ ನೆರಳು.

ಇನ್ನು ತಪಾಸ ಮಾಡೋದು ಹೆಂಗ? ಈ ಭಾಗ ನನಗೆ ಬಹಳ ಸೇರಿದ್ದು, ಸ್ವಲ್ಪ ತಾಳಿಕೊಳ್ಳಬೇಕು.

ನಮ್ಮ ಟ್ರ್ಯಾಕ್ಟರ್ ಪಾಸಿಂಗಿಗೆ ಒಯ್ದಾಗ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೀತಾರಲ್ಲ, ಹಂಗ ಅವರದೂ ಒಂದು ಗಾಡಿ ನಂಬರ್ ಐತಿ. ಜನರಲ್ ಮೋಟರ್ಸಿನ ಗಾಡಿಗಳಾಗ 1968ರಿಂದ ಅದು ಮುಂದಿನ ಗಾಜಿನ ಒಳಗೆ ಕಾಣುವ ಹಾಗೆ ಒಂದು ಪಟ್ಟಿಯ ಮೇಲೆ ಇರುತ್ತದೆ. ಆ ಪಟ್ಟಿಯನ್ನು ಹಿಡಿದ ಮೊಳೆಯ ತಲೆ ಹೂವಿನ ಆಕಾರದ್ದು, ಆರು ಎಸಳು. ಆದರೆ ಆ ಕಾಲದ ಶೆವರ್ಲೆ ನಂಬರಿನಾಗ ಎಂಟು ಸಿಲಿಂಡರೋ ಆರೋ ಅನ್ನೋದಷ್ಟೇ ತಿಳೀತದ. ಎಂಟರಾಗ ಯಾವ ಎಂಜಿನ್ ಅಂತ ತಿಳಿಯೋದಿಲ್ಲ. ಎಂಜಿನ್ನಿನ ಗುರುತಿನ ಅಕ್ಷರ ಅವರು ನಂಬರಿನೊಳಗೆ ಸೇರಿಸಿದ್ದು 1972ರಲ್ಲಿ. 1970ರ ಶೆವೆಲ್ಲಿನಾಗ ಎಸ್.ಎಸ್. ಅನ್ನೋ ಜೋರಿನ ಗಾಡಿಯೂ ಸಾದಾ ಮಾಲಿಬು ಗಾಡಿಯೂ ನಂಬರಿನಲ್ಲಿ ಒಂದೇ ನಮೂನಿ, ಯಾಕಂದರೆ ಎಸ್.ಎಸ್. ಅನ್ನೋದೂ ಒಂದು ಹೆಚ್ಚಿನ ಸಾಮಾನಿನ ಚೀಟಿ. ಅದರ ದೊಡ್ಡ ಎಂಜಿನ್ 454 ಘನ ಇಂಚು, ಕಂಪನಿ ಬರೆದ ಬಲ 450 ಕುದುರೆ. ನನ್ನ ಟ್ರ್ಯಾಕ್ಟರಿನದು 35. ಸಾದಾ ಗಾಡಿಗೆ ಆ ಎಂಜಿನ್ ಕೂರಿಸಿ, ಎಸ್.ಎಸ್. ಬಿಲ್ಲೆ ಬಡಿದು, ಪಟ್ಟೆ ಬಣ್ಣ ಹಚ್ಚಿದರೆ ಮುಗೀತು, ಹೊರಗಿನಿಂದ ದೇವರೂ ಗುರುತಿಸಲಾರ.

ಕ್ರೈಸ್ಲರಿನವರ ಗಾಡಿಗಳಾಗ ಹಂಗಲ್ಲ. ನಂಬರಿನ ಐದನೇ ಅಕ್ಷರವೇ ಎಂಜಿನ್ ಹೇಳತದ. 1970, 71ರಲ್ಲಿ ಅಲ್ಲಿ ಆರ್ ಇದ್ದರೆ 426ರ ಹೆಮಿ. ಫೋರ್ಡಿನವರ 1967ರಿಂದೀಚಿನ ದಾಖಲೆ ಉಳಿದಾವ, ಮಾರ್ಟಿ ಅನ್ನುವವರ ಹತ್ತಿರ ರೊಕ್ಕ ಕೊಟ್ಟು ಉತಾರಾ ತಗೋಬಹುದು, ನಾವು ತಲಾಠಿ ಕಡೆಯಿಂದ ಸಾತ್‌ಬಾರಾ ತಗೊಂಡಂಗ. ಪಾಂಟಿಯಾಕಿನ ಬಿಲ್ಲುಗಳೂ ಉಳಿದಾವ. ಶೆವರ್ಲೆಯವರದು ಕೆನಡಾದಾಗ ಮಾರಿದ ಗಾಡಿಗಳದ್ದು ಸಿಗತದ, ಅಮೆರಿಕಾದಾಗ ಮಾರಿದ್ದವುಗಳದ್ದು ಬಹುತೇಕ ಇಲ್ಲ. ಖೋಟಿ ಹೆಚ್ಚು ಆಗಿದ್ದು ಎಲ್ಲಿ ಅಂತ ಬೇರೆ ಹೇಳಬೇಕಿಲ್ಲ. ಉತಾರಾ ಇಲ್ಲದ ಹೊಲದ ಬದು ದಿನಾ ಸರೀತದ.

ಹಾಗಾಗಿ ಶೆವರ್ಲೆ ತಪಾಸ ಮಾಡುವವ ಗಾಡಿಯ ಮೈಯನ್ನೇ ಓದಬೇಕು. ಎಂಜಿನ್ ಎರಕ ಹೊಯ್ದ ದಿನ ಎರಕದಲ್ಲೇ ಮೂಡಿರುತ್ತದೆ. ತಿಂಗಳಿಗೆ ಅಕ್ಷರ, ಆಮೇಲೆ ತಾರೀಖು, ಆಮೇಲೆ ವರ್ಷದ ಕೊನೆಯ ಅಂಕಿ. ಸಿ 3 9 ಅಂದರೆ 1969ರ ಮಾರ್ಚ್ 3. ಎಂಜಿನ್ ಜೋಡಿಸಿದ ದಿನವನ್ನು ಮುಂದಿನ ಒಂದು ಚಪ್ಪಟೆ ಜಾಗದಲ್ಲಿ ಒತ್ತಿರತಾರ. ವಿ 0312 ಡಿಝಡ್ ಅಂದರೆ ಫ್ಲಿಂಟ್ ಕಾರ್ಖಾನೆ, ಮಾರ್ಚ್ 12, 1969ರ ಕಮಾರೋ ಝಡ್-28 ಗಾಡಿಯ 302ರ ಎಂಜಿನ್. ದೊಡ್ಡ ಎಂಜಿನ್ನುಗಳ ಮೇಲೆ ಟಿ ಇರತದ, ಟೋನಾವಾಂಡಾ ಊರಿನದು. ಅದರ ಪಕ್ಕದಲ್ಲಿ ಗಾಡಿ ನಂಬರಿನ ಬಾಲದ ಅಂಕಿಗಳು. ಇನ್ನು ಬಾನೆಟ್ಟಿನ ಕೆಳಗೆ, ಗಾಜಿನ ಮುಂದಿನ ಗೋಡೆಗೆ ಬಡಿದ ತಗಡಿನ ಮೇಲೆ ಮೈ ಕಟ್ಟಿದ ವಾರ. 03ಡಿ ಅಂದರೆ ಮಾರ್ಚಿನ ನಾಲ್ಕನೇ ವಾರ. ಮೊದಲು ಎರಕ, ಆಮೇಲೆ ಜೋಡಣೆ, ಆಮೇಲೆ ಗಾಡಿ. ಈ ಕ್ರಮ ತಪ್ಪಿತೋ, ಮಗ ಅಪ್ಪನಿಗಿಂತ ಮೊದಲು ಹುಟ್ಟಿದಂಗಾತು.

ಎತ್ತಿನ ಸಂತೆಯಲ್ಲಿ ಹಲ್ಲು ನೋಡೋದು ಹೀಗೇ. ದಲ್ಲಾಳಿ ಕೋಡು ಹೆರೆದು ಎಣ್ಣಿ ಹಚ್ಚಿ ತರತಾನ, ಬಾಯಿ ಬಿಚ್ಚಿದ ಮ್ಯಾಲೆ ಎಣ್ಣಿ ಏನೂ ಮಾಡಂಗಿಲ್ಲ.

ಆದರೆ ಅಂಕಿಯನ್ನೂ ಒತ್ತಬಹುದಲ್ಲ? ಒತ್ತತಾರ. ಹಳೇ ಅಂಕಿ ಕೆರೆದು ಹೊಸದು ಹೊಡೀತಾರ. ಅದಕ್ಕ ಬಲ್ಲವರು ಅಂಕಿ ನೋಡೋದೇ ಇಲ್ಲ, ಅಂಕಿಯ ಕೆಳಗಿನ ನೆಲ ನೋಡತಾರ. ಕಾರ್ಖಾನೆಯಲ್ಲಿ ಆ ಜಾಗವನ್ನು ದೊಡ್ಡ ಯಂತ್ರದ ಹಲ್ಲಿನಿಂದ ಒಂದೇ ಎಳೆತಕ್ಕೆ ಹೆರೆದಿರತಾರ. ಅದರಿಂದ ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಸರಿಸಮ ಉಳೀತಾವ, ಕುಂಟಿ ಹೊಡೆದ ಹೊಲ ದೂರದಿಂದ ಕಂಡಂಗ. ಕೆರೆದರೆ ಆ ಗೆರೆ ಹೋಗತಾವ. ಈಗ ಆ ಗೆರೆಗಳನ್ನೂ ಹುಟ್ಟಿಸುವ ಕಸಬುದಾರರು ಬಂದಾರಂತ. ಕಳ್ಳನೂ ಕಾವಲುಗಾರನೂ ಒಂದೇ ಸಾಲೆಯಾಗ ಕಲೀತಾರ.

ಕಾಗದವೂ ಸಿಗತದ, ಒಮ್ಮೊಮ್ಮೆ. ಗಾಡಿ ಜೋಡಿಸುವಾಗ ಯಾವ ಯಾವ ಸಾಮಾನು ಹಾಕಬೇಕು ಅಂತ ಒಂದು ಹಾಳೆ ಸಾಲಿನಾಗ ಹೋಗತಿತ್ತು. ಕೆಲಸ ಮುಗಿದ ಮೇಲೆ ಕಾರ್ಮಿಕರು ಅದನ್ನು ಸೀಟಿನ ಸ್ಪ್ರಿಂಗಿನೊಳಗೋ ಪೆಟ್ರೋಲ್ ಟಾಕಿಯ ಮೇಲೋ ತುರುಕಿ ಬಿಡತಿದ್ದರು. ಐವತ್ತು ವರ್ಷದ ಮೇಲೆ ಟಾಕಿ ಇಳಿಸಿದಾಗ, ಇಲಿ ತಿಂದು ಉಳಿದಿದ್ದರೆ, ಆ ಹಾಳೆ ಗಾಡಿಯಷ್ಟೇ ಬೆಲೆಯದ್ದು. ಕೆಲವು ಸಲ ಬೇರೆ ಗಾಡಿಯ ಹಾಳೆ ಈ ಗಾಡಿಯಾಗ ಸಿಗತದ, ಆ ದಿನ ತುರುಕಿದವನಿಗೆ ಏನು ಅವಸರ ಇತ್ತೋ. ಕಸ ಅಂತ ಎಸೆದದ್ದು ಸಾಕ್ಷಿಯಾಗಿ ಕುಂತದ.

ಇದರಲ್ಲಿ ನಗು ಬರುವ ಮಾತೂ ಒಂದಿದೆ. ಆ ಕಾಲದ ಕಾರ್ಖಾನೆಯ ಕೆಲಸ ಅಷ್ಟೇನು ಚಂದ ಇರಲಿಲ್ಲ. ಬಣ್ಣ ಸೋರಿರುತ್ತಿತ್ತು, ತನಿಖೆಯವ ಸೀಮೆಸುಣ್ಣದಿಂದ ಗೀಚಿರುತ್ತಿದ್ದ, ಬೋಲ್ಟಿನ ಮೇಲೆ ಒಂದು ಬಣ್ಣದ ಚುಕ್ಕಿ ಬಡಿದಿರುತ್ತಿದ್ದ. ಈಗ ಗಾಡಿ ಹೊಸದು ಮಾಡುವವರು ಕನ್ನಡಿಯಂಗ ಬಣ್ಣ ಹಚ್ಚಿದರೆ, ಕಾರ್ಖಾನೆಯಿಂದ ಬಂದಂಗ ಐತೇನು ಅಂತ ನೋಡುವ ಪರೀಕ್ಷಕರು ಅಂಕ ಕಡಿಮೆ ಮಾಡತಾರ. ಅದಕ್ಕ ಅವರು ಬೇಕಂತಲೇ ಬಣ್ಣ ಸೋರಿಸತಾರ, ಸೀಮೆಸುಣ್ಣದ ಗೀಟು ಹಾಕತಾರ. ತಪ್ಪನ್ನು ಸರಿಯಾಗಿ ಮಾಡಬೇಕು! ಸೋಮವಾರ ಬೆಳಿಗ್ಗೆ ಬೇಸರದಿಂದ ಯಾರೋ ಕಾರ್ಮಿಕ ಗೀಚಿದ ಗೀಟನ್ನು ಒಬ್ಬ ಡಾಕ್ಟರೋ ವಕೀಲನೋ ಕಣ್ಣಿಗೆ ಭೂತಗನ್ನಡಿ ಹಿಡಿದು ನಕಲು ಮಾಡತಾನ.

ಭಾಗಗಳಲ್ಲೂ ಅವರು ಜಾತಿ ಮಾಡ್ಯಾರ. ಗಾಡಿಯ ಜೊತೆಗೇ ಹುಟ್ಟಿದ್ದು ಒಂದು. ಅದೇ ಕಾಲದಲ್ಲಿ ಅದೇ ಕಂಪನಿ ಮಾಡಿ, ಡಬ್ಬಿಯೊಳಗೆ ಇಟ್ಟು, ಯಾವ ಗಾಡಿಗೂ ಹಾಕದೆ ಉಳಿದದ್ದು ಇನ್ನೊಂದು. ಈಗ ಹೊಸದಾಗಿ ಅದರಂಗ ಮಾಡಿದ್ದು ಮೂರನೇದು. 1969ರ ಕಮಾರೋದ ಇಡೀ ಮೈಯನ್ನೇ ಈಗ ಹೊಸ ತಗಡಿನಿಂದ ಮಾಡಿ ಮಾರತಾರ. ಎರಡನೇದು ನೋಡ್ರಿ, ಅದೇ ಅಚ್ಚಿನಿಂದ, ಅದೇ ಕೈಯಿಂದ ಬಂದದ್ದು, ಆದರೂ ಈ ಗಾಡಿಯದ್ದಲ್ಲ. ಒಂದೇ ತಾಯಿಯ ಮಗ ಖರೆ, ಆದರ ಸತ್ತವನ ಹೆಸರು ಇಟ್ಟುಕೊಂಡು ಬಂದರೆ ಅವನಾಗತಾನೇನು?

ಇಲ್ಲಿಗೆ ನಾವು ಮಾಮಾ-ಅಳಿಯ ಜಗಳಕ್ಕೆ ಬಿದ್ದಿವಿ. ಅಳಿಯ ಒಂದು ಗಟ್ಟಿ ಪ್ರಶ್ನೆ ಹಾಕಿದ. “ಮಾಮಾ, ಎಂಜಿನ್ ಖರೇನೇ ಐತಿ ಅಂತ ತಿಳ್ಕೋ. ಗಾಡಿಯ ಜೋಡಿ ಹುಟ್ಟಿದ್ದು. ದುರುಸ್ತಿಗೆ ಒಯ್ದಾಗ ಮಷಿನ್ ಶಾಪಿನವ ಮೇಲ್ಮೈ ಸಾಪ ಮಾಡಿದ, ಅಂಕಿ ಅಳಿಸಿ ಹೋತು. ಮಾಲಕ ಅದೇ ಅಂಕಿಯನ್ನು ಮತ್ತ ಒತ್ತಿಸಿದ. ಸುಳ್ಳು ಎಲ್ಲಿ ಬಂತು? ಇದ್ದದ್ದನ್ನೇ ಬರೆದಾನಲ್ಲ.”

ಇದಕ್ಕೆ ನನಗೆ ತಕ್ಷಣ ಉತ್ತರ ಸಿಗಲಿಲ್ಲ. ಎರಡು ದಿನ ಜೋಳಕ್ಕೆ ನೀರು ಹಾಯಿಸ್ತಾ ಇದನ್ನೇ ವಿಚಾರ ಮಾಡಿದೆ. ಉತ್ತರ ಸಿಕ್ಕಿದ್ದು ನಮ್ಮ ಹಾಡಿನ ಕಡೆಯಿಂದ.

ನಾವು ಭಜನಿಯವರು ಪದದ ಕೊನೆಗೆ ಅಂಕಿತ ಹಾಡತೀವಿ. ಅಂಕಿತ ಅಂದರೆ ಪದ ಕಟ್ಟಿದವನ ಒತ್ತು. ಶಿಶುನಾಳಧೀಶ ಅಂತ ಬಂದರೆ ಶರೀಫ ಸಾಹೇಬರದ್ದು ಅಂತ ತಿಳೀತದ. ಪದದ ನಡುವೆ ನಾವು ಎಷ್ಟು ಬದಲು ಮಾಡಿಲ್ಲ! ಒಂದು ಊರಿನಾಗ ಒಂದು ಮಟ್ಟು, ಇನ್ನೊಂದರಾಗ ಇನ್ನೊಂದು. ನಡುವಿನ ನುಡಿ ಮರೆತರೆ ಕೈಯಿಂದ ಹಾಕಿ ಹಾಡತೀವಿ. ಅದಕ್ಕೆ ಯಾವ ಗುರುವೂ ಬೈದಿಲ್ಲ, ಹಾಡಿದವನ ಬಾಯೊಳಗೆ ಪದ ಬೆಳೀತದ. ಆದರೆ ನಾನೇ ಒಂದು ಪದ ಕಟ್ಟಿ, ಕೊನೆಗೆ ಶಿಶುನಾಳಧೀಶ ಅಂತ ಹಾಕಿದರೆ? ಪದ ಚಂದ ಇರಬಹುದು, ಒಳಗಿನ ಮಾತು ಖರೇನೇ ಇರಬಹುದು, ಶರೀಫರು ಒಪ್ಪುವಂಥಾದ್ದೇ ಇರಬಹುದು. ಆದರೂ ಆ ಒತ್ತು ಸುಳ್ಳು. ಯಾಕಂದರೆ ಅಂಕಿತ ಹೇಳೋದು ‘ಈ ಮಾತು ಖರೆ’ ಅಂತಲ್ಲ. ‘ಇದನ್ನು ಹೇಳುವಾಗ ನಾನಿದ್ದೆ’ ಅಂತ ಹೇಳತದ.

ಎಂಜಿನ್ನಿನ ಒತ್ತೂ ಹಂಗೇ. ಅದು ಬರೇ ಒಂದು ಸಂಖ್ಯೆ ಆಗಿದ್ದರೆ ಚೀಟಿಯ ಮೇಲೆ ಬರೆದು ಅಂಟಿಸಿದರೂ ನಡೀತಿತ್ತು. ಅದು ಸಾಕ್ಷಿ. ಫ್ಲಿಂಟಿನ ಕಾರ್ಖಾನೆಯಾಗ ಆ ದಿನ ಒಬ್ಬ ನಿಂತು ಹೊಡೆದದ್ದು ಅಂತ ಹೇಳುವ ಸಾಕ್ಷಿ. ಖೂನಿಯ ಕೇಸಿನಾಗ ಕೊಂದವ ಇವನೇ ಅನ್ನೋದು ಖರೆ ಇರಲಿ, ಸಾಕ್ಷಿ ಹೇಳಿದವ ಆ ರಾತ್ರಿ ಊರಾಗೇ ಇರಲಿಲ್ಲ ಅಂದರೆ ಏನಂತೀರಿ? ಮಾತು ಖರೆ, ಸಾಕ್ಷಿ ಖೋಟಿ. ಮುಂದಿನ ಸಲ ಖರೇ ಸಾಕ್ಷಿ ಬಂದರೂ ಯಾರೂ ನಂಬೋದಿಲ್ಲ. ನಷ್ಟ ಆಗೋದು ಆ ಗಾಡಿ ಕೊಂಡವನಿಗಷ್ಟೇ ಅಲ್ಲ. ಒಂದು ತಲಿ ಅಂಕಿಯನ್ನು ಮುಟ್ಟದೆ, ತುಕ್ಕಿನ ಸಮೇತ ಕಾಯ್ದುಕೊಂಡು ಬಂದ ಬಡವನ ಗಾಡಿಯೂ ಅನುಮಾನಕ್ಕೆ ಬೀಳತದ.

ಅಳಿಯ ಸುಮ್ಮನಾಗಲಿಲ್ಲ. ಹಂಗಾದರ ಕನ್ಸಾಸಿನ ಗಾಡಿಯ ಕತಿ ಕೇಳು ಅಂದ.

1959ರ ಒಂದು ಕಾರ್ವೆಟ್ ಗಾಡಿ. ಪೈಲ್ವಾನ್ ಗಾಡಿಗಳಿಗಿಂತ ಸ್ವಲ್ಪ ಹಿಂದಿನದು. ಒಬ್ಬ ಅದನ್ನು ಸುಮಾರು 50,000 ಡಾಲರ್ ಕೊಟ್ಟು ಬೇರೆ ರಾಜ್ಯದಿಂದ ಕೊಂಡು ತಂದ. 2017ರಲ್ಲಿ ಕನ್ಸಾಸಿನಾಗ ನೋಂದಣಿಗೆ ಒಯ್ದಾಗ ಪೊಲೀಸರು ನೋಡಿದರು. ನಂಬರಿನ ಪಟ್ಟಿ ಖರೆ, ಆದರೆ ಅದನ್ನು ಹಿಡಿದ ಮೊಳೆ ಕಾರ್ಖಾನೆಯದ್ದಲ್ಲ. ಹಿಂದೆ ಯಾರೋ ಗಾಡಿ ಹೊಸದು ಮಾಡುವಾಗ ಪಟ್ಟಿ ತೆಗೆದು ಮತ್ತ ಹಚ್ಚಿದ್ದರು. ಅಲ್ಲಿಯ ಕಾಯದೆಯಲ್ಲಿ ಅಷ್ಟೇ ಸಾಕಾಯಿತು, ಗಾಡಿ ಜಪ್ತಿ. ಕೊಂಡವನದು ಏನೂ ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿದರು, ಆದರೂ ಗಾಡಿಯನ್ನು ಪುಡಿ ಮಾಡಬೇಕಾಗತದ ಅನ್ನೋ ಮಟ್ಟಕ್ಕೆ ಹೋತು. ವರ್ಷಗಟ್ಟಲೆ ಗಾಡಿ ಬಯಲಿನಾಗ ನಿಂತಿತು, ಅವ ವಕೀಲರಿಗೆ ರೊಕ್ಕ ಸುರಿದ. ಕೊನೆಗೆ 2022ರಲ್ಲಿ ಆ ರಾಜ್ಯದವರು ಕಾಯದೆಯನ್ನೇ ತಿದ್ದಿದರು. ಹಳೇ ಗಾಡಿ ದುರುಸ್ತಿಗಾಗಿ ಪಟ್ಟಿ ತೆಗೆದು ಹಾಕಿದರೆ ಅಪರಾಧ ಅಲ್ಲ ಅಂತ.

“ನಿನ್ನ ಲೆಕ್ಕದಾಗ ಮೊಳೆಯೂ ಸಾಕ್ಷಿನೇ ಅಲ್ಲೇನು? ಹಂಗಾದರ ಪೊಲೀಸರದು ಸರಿ” ಅಂದ ಅಳಿಯ.

ಇಲ್ಲಿ ನನಗೆ ಬಿಕ್ಕಟ್ಟು ಆತು ಅಂತ ಒಪ್ಪತೀನಿ. ಮೊಳೆಯೂ ಸಾಕ್ಷಿ, ಖರೆ. ಆದರೆ ಹೊಸ ಮೊಳೆ ಹಾಕಿದವ ಹಳೇ ಮೊಳೆಯ ವೇಷ ಹಾಕಿರಲಿಲ್ಲ. ಸಾದಾ ಮೊಳೆ ಬಡಿದಿದ್ದ, ನೋಡಿದವರಿಗೆ ಕಾಣಲಿ ಅಂತ. ‘ಇಲ್ಲಿ ಒಮ್ಮೆ ತೆಗೆದದ್ದು ಐತಿ’ ಅಂತ ಆ ಮೊಳೆಯೇ ಹೇಳತಿತ್ತು. ಅದು ಸುಳ್ಳು ಸಾಕ್ಷಿ ಅಲ್ಲ, ಬೇರೆ ಸಾಕ್ಷಿ. ಕೆರೆದು ಗೆರೆ ಹುಟ್ಟಿಸುವವನನ್ನೂ ಇವನನ್ನೂ ಕಾಯದೆ ಒಂದೇ ಕಣ್ಣಿಯಿಂದ ಕಟ್ಟಿತು. ಕಾಯದೆಗೆ ಮೊಳೆ ಕಾಣತದ, ಮನಸು ಕಾಣೋದಿಲ್ಲ. ಮನಸು ನೋಡತೇನಿ ಅಂತ ಕಾಯದೆ ಹೊರಟರೆ ಕಳ್ಳ ಗಾಡಿಯವರೆಲ್ಲ ದುರುಸ್ತಿಗೆ ತೆಗೆದಿದ್ದೆ ಅಂತಾರ, ಅದೂ ಐತಿ. ಇದನ್ನು ಪೂರ್ತಿ ಬಿಡಿಸೋದು ನನ್ನಿಂದ ಆಗಿಲ್ಲ.

ಆದರೆ ಒಂದು ಗಾಡಿಯ ಕತಿ ನನ್ನ ಕಡೆಗೆ ತೂಗತದ ಅಂತ ಅನಸ್ತದ. 1968ರಲ್ಲಿ ಬುಲಿಟ್ ಅನ್ನೋ ಸಿನೆಮಾ ಬಂತು, ಸ್ಟೀವ್ ಮ್ಯಾಕ್ವೀನ್ ಅದರ ನಟ. ಅದರಾಗ ಅವ ಓಡಿಸಿದ ಹಸಿರು ಮಸ್ಟಾಂಗ್ ಗಾಡಿಯನ್ನು 1974ರಲ್ಲಿ ಒಬ್ಬ ಸಾದಾ ಮನುಷ್ಯ 6,000 ಡಾಲರಿಗೆ ಕೊಂಡ. ಅವನ ಹೆಂಡತಿ ಅದರಾಗ ಸಾಲಿಗೆ ಕಲಿಸಲಿಕ್ಕೆ ಹೋಗತಿದ್ದಳು. 1980ರಲ್ಲಿ ಕ್ಲಚ್ ಕೆಟ್ಟಿತು, ನಿಲ್ಲಿಸಿ ಬಿಟ್ಟರು. 2020ರ ಜನವರಿಯಲ್ಲಿ ಅದೇ ಗಾಡಿ, ಬಣ್ಣ ಉದುರಿ ತುಕ್ಕು ಹಿಡಿದದ್ದು ಹಂಗೇ ಇದ್ದು, 34 ಲಕ್ಷ ಡಾಲರಿಗೆ ಹೋತು, ಹರಾಜಿನವರ ದಲ್ಲಾಳಿ ಬೇರೆ. ಅದು ಖರೇ ಅಂತ ತೋರಿಸಿದ್ದು ನಂಬರ್ ಅಷ್ಟೇ ಅಲ್ಲ. ಕ್ಯಾಮೆರಾ ಕಟ್ಟಲಿಕ್ಕೆ ಸಿನೆಮಾದವರು ಅಡಿಯಲ್ಲಿ ಬೆಸೆದಿದ್ದ ಕಬ್ಬಿಣ, ಕೊರೆದಿದ್ದ ತೂತು, ಅವೂ ಉಳಿದಿದ್ದವು. ಕಾರ್ಖಾನೆಯ ಲೆಕ್ಕದಲ್ಲಿ ಅವೆಲ್ಲ ಹಾಳು ಮಾಡಿದ್ದು. ಯಾರಾದರೂ ಅದನ್ನು ತಿದ್ದಿ, ತೂತು ಮುಚ್ಚಿ, ಕಾರ್ಖಾನೆಯಿಂದ ಬಂದಂಗ ಮಾಡಿದ್ದರೆ? ಖರೇ ಮಾಡತೇನಿ ಅಂತ ಹೋಗಿ ಖರೇತನವನ್ನೇ ತೊಳೆದು ಬಿಡತಿದ್ದರು. ಹುಟ್ಟಿದ ದಿನದ್ದು ಮಾತ್ರ ಅಸಲು ಅನ್ನೋದು ತಪ್ಪು. ಬಿದ್ದ ಪೆಟ್ಟೂ ಅಸಲೇ. ನನ್ನ ಮಂಡಿಯ ಮೇಲೆ ಕುಡುಗೋಲಿನ ಕಲೆ ಐತಿ, ನಾನು ಹುಟ್ಟಿದಾಗ ಅದು ಇರಲಿಲ್ಲ, ಆದರೆ ನಾನು ಸತ್ತರ ಹೆಣ ಗುರುತಿಸೋದು ಅದರಿಂದಲೇ.

ಮಿಶಿಗನ್ನಿನ ಮುದುಕನ ಗಾಡಿ ಏನಾತು ಅಂತ ಕೇಳಬಹುದು. ಅದು ಖರೇನೇ ಎಸ್.ಎಸ್. ಆಗಿತ್ತು, ಟಾಕಿಯ ಮೇಲೆ ಅರ್ಧ ಹಾಳೆ ಸಿಕ್ಕಿತ್ತು. ಎಂಜಿನ್ ಮಾತ್ರ ಹುಟ್ಟಾ ಅಲ್ಲ. ಮೊದಲಿನ ಮಾಲಕ ಒಡೆದಿದ್ದ. ಮುದುಕ ಅದೇ ವರ್ಷದ, ತಾರೀಖಿನ ಕ್ರಮ ಕೂಡುವ ಬೇರೆ ಎಂಜಿನ್ ಹುಡುಕಿ ಹಾಕಿದ್ದ. ನೋಡಲಿಕ್ಕೆ ಬಂದ ಒಬ್ಬ ದಲ್ಲಾಳಿ, ಅಂಕಿ ಒತ್ತಿಸಿದರೆ ಬೆಲೆ ಎಷ್ಟೋ ಏರತದ, ಒತ್ತುವವರು ನನಗೆ ಗೊತ್ತು ಅಂದನಂತೆ. ಮುದುಕ ಅವನಿಗೆ ಚಹಾ ಕುಡಿಸಿ ಕಳಿಸಿದ. ಆಮೇಲೆ ಒಂದು ಹಾಳೆಯಲ್ಲಿ ಬರೆದ: ಈ ಎಂಜಿನ್ ಈ ಗಾಡಿಯದ್ದಲ್ಲ, ಇಂಥ ಊರಿನ ಗುಜರಿಯಿಂದ ಇಂಥ ತಿಂಗಳು ತಂದು ನಾನು ಕೂರಿಸಿದೆ. ಕೆಳಗೆ ಸಹಿ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಳೇ ಹಾಳೆಯ ಜೊತೆಗೇ ಟಾಕಿಯ ಮೇಲೆ ಇಟ್ಟು ಬಿಗಿದ. ಅಳಿಯ ವಾಪಸ್ ಬರುವ ತನಕ ಗಾಡಿ ಮಾರಾಟ ಆಗಿರಲಿಲ್ಲ. ಹೋದ ತಿಂಗಳು ಫೋಟೋ ಬಂದಿತ್ತು, ಕೆಂಪು ಬಣ್ಣ ಮುಗಿಸ್ಯಾನ, ಕರೀ ಪಟ್ಟೆ ಇನ್ನೂ ಹಾಕಬೇಕಂತ.